ಮಾತನಾಡದ ಮಗುವಿನ ಶಿಕ್ಷಣ ಮತ್ತು ಐದು ಅತಿಚಾರಗಳು

ಗೃಹಸ್ಥನ ಅಹಿಂಸಾಣುವ್ರತಕ್ಕೆ ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಐದು ಅತಿಚಾರಗಳನ್ನು ಹೇಳಿದ್ದಾರೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಹೊರಲಾರದ ಹೊರೆ ಹೊರಿಸುವುದು, ಅನ್ನನೀರನ್ನು ತಡೆಯುವುದು ಎಂದು ಇವುಗಳ ಸರಳಾರ್ಥ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವೇ ಐದು ದೋಷಗಳು ತುಸು ಬೇರೆ ಶಬ್ದಗಳಲ್ಲಿ ಬಂದಿವೆ. ದಶಲಕ್ಷಣ ಪರ್ವದ ಪ್ರವಚನಗಳಲ್ಲಿ ಇವನ್ನು ಕೇಳುವ ಶ್ರಾವಕರು ಸಾಮಾನ್ಯವಾಗಿ ನೆಮ್ಮದಿಯಿಂದಲೇ ಕೇಳುತ್ತಾರೆ. ಎತ್ತು, ಕುದುರೆ, ಆಳುಕಾಳುಗಳನ್ನು ಇಟ್ಟುಕೊಂಡಿದ್ದ ಕಾಲಕ್ಕೆ ಹೇಳಿದ ಮಾತುಗಳಿವು ಎಂದು ಅವರಿಗೆ ತೋರುತ್ತದೆ. ಗಾಡಿ ಹೋಗಿ ಲಾರಿ ಬಂದ ಮೇಲೆ ಅತಿಭಾರವನ್ನು ನೋಡಿಕೊಳ್ಳಲು ಸಾರಿಗೆ ಇಲಾಖೆಯೇ ಇದೆಯಲ್ಲ ಎಂದು ಹಾಸ್ಯ ಮಾಡುವವರೂ ಉಂಟು.

ಆದರೆ ಈ ಐದೂ ಅತಿಚಾರಗಳು ಒಟ್ಟಿಗೆ ಎದುರಾಗಬಹುದಾದ ಒಂದು ಸ್ಥಳ ಇಂದಿಗೂ ಇದೆ. ಅದು ಕೊಟ್ಟಿಗೆಯಲ್ಲ, ಮಗುವಿಗೆ ಪಾಠ ಹೇಳುವ ಕೋಣೆ. ಅಲ್ಲಿ ಅವು ಕ್ರೌರ್ಯದ ರೂಪದಲ್ಲಿ ಬರುವುದಿಲ್ಲ, ವಾತ್ಸಲ್ಯದ ರೂಪದಲ್ಲಿ ಬರುತ್ತವೆ. ಆದಕಾರಣವೇ ಅವುಗಳನ್ನು ಗುರುತಿಸುವುದು ಕಷ್ಟ.

ಸಾಗರ ತಾಲ್ಲೂಕಿನ ಹೆಗ್ಗೋಡಿನ ಆಸುಪಾಸಿನಲ್ಲಿ ಒಂದು ಶ್ರಾವಕ ಕುಟುಂಬವನ್ನು ಉದಾಹರಣೆಗಾಗಿ ಭಾವಿಸಿಕೊಳ್ಳಬಹುದು. ತಂದೆಗೆ ಸಾಗರ ಪೇಟೆಯಲ್ಲಿ ಅಡಿಕೆ ವ್ಯಾಪಾರ. ಮನೆಯಲ್ಲಿ ತಾಯಿ, ಅಜ್ಜಿ, ನಾಲ್ಕು ವರ್ಷದ ಗಂಡುಮಗು. ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡುವುದಿಲ್ಲ. ನೀರು ಬೇಕಾದರೆ ಬೆರಳು ಮಾಡಿ ತೋರಿಸದೆ ತಾಯಿಯ ಕೈಯನ್ನೇ ಹಿಡಿದು ಕೊಡದ ಬಳಿಗೆ ಎಳೆದೊಯ್ಯುತ್ತದೆ. ಡಬ್ಬಿಯ ಮುಚ್ಚಳವನ್ನು ಗಂಟೆಗಟ್ಟಲೆ ತಿರುಗಿಸುತ್ತ ಕೂರುತ್ತದೆ. ಅಡಿಕೆ ಸುಲಿಯುವ ಯಂತ್ರ ಶುರುವಾದೊಡನೆ ಕಿವಿ ಮುಚ್ಚಿಕೊಂಡು ಚೀರುತ್ತದೆ. ಎರಡನೆಯ ವರ್ಷದಲ್ಲಿ ಬಂದಿದ್ದ ನಾಲ್ಕಾರು ಮಾತುಗಳೂ ನಿಂತುಹೋಗಿವೆ. ಅಜ್ಜಿ ಹೊಂಬುಜದ ಪದ್ಮಾವತಿ ಅಮ್ಮನವರಿಗೆ ಹರಕೆ ಹೊತ್ತಿದ್ದಾರೆ. ನೆಂಟರು ಪೂರ್ವಜನ್ಮದ ಕರ್ಮವೆಂದು ನಿಟ್ಟುಸಿರು ಬಿಟ್ಟಿದ್ದಾರೆ. ಕೊನೆಗೆ ವೈದ್ಯರು ಇದು ಆಟಿಸಂ ಎಂದಿದ್ದಾರೆ. ಕ್ರಮಬದ್ಧವಾದ ವರ್ತನಾ ಶಿಕ್ಷಣವನ್ನು ತಡಮಾಡದೆ ಆರಂಭಿಸಬೇಕು ಎಂಬುದು ಅವರ ಸಲಹೆ.

ಪಾಠ ಹೇಳಲು ದೊರೆತವರು ಕೆಲವು ನಿಯಮಗಳನ್ನು ಹಾಕಿಕೊಡುತ್ತಾರೆ. ಮಗುವಿಗೆ ಪ್ರಿಯವಾದ ಬಾಳೆಹಣ್ಣನ್ನು ಕಪಾಟಿನಲ್ಲಿಟ್ಟು ಬೀಗ ಹಾಕಬೇಕು, ಹೇಳಿದಂತೆ ಮಾಡಿದರೆ ಮಾತ್ರ ಒಂದು ತುಂಡು ಕೊಡಬೇಕು. ಮಗು ಕೈ ಬಡಿದರೆ ಆ ಕೈಗಳನ್ನು ಹಿಡಿದು ಮೇಜಿನ ಮೇಲೆ ಒತ್ತಿಡಬೇಕು. ಅತ್ತರೂ ಪಾಠ ನಿಲ್ಲಿಸಬಾರದು. ಮೊದಲ ವಾರ ಕಳೆದ ಮೇಲೆ ತಾಯಿ ಕೇಳುತ್ತಾಳೆ: “ಇದು ಶಿಕ್ಷಣವೋ, ಶಿಕ್ಷೆಯೋ?” ತಂದೆ ಹೇಳುತ್ತಾನೆ: “ಈಗ ಕಲಿಯದಿದ್ದರೆ, ನಾಳೆ ನಾವಿಬ್ಬರೂ ಇಲ್ಲದ ದಿನ ಇವನನ್ನು ಯಾರು ನೋಡಿಕೊಳ್ಳುತ್ತಾರೆ?”

ಇಬ್ಬರ ಮಾತೂ ದಯೆಯಿಂದಲೇ ಹುಟ್ಟಿದ್ದು. ಇಬ್ಬರಲ್ಲಿ ಯಾರೂ ತಪ್ಪಿಲ್ಲ. ಆದರೆ ಈ ಎರಡು ಮಾತುಗಳ ನಡುವೆ ನಿಂತಿರುವ ಮಗುವಿಗೆ ಮಾತಿಲ್ಲ. ಅಹಿಂಸಾಧರ್ಮದ ದೃಷ್ಟಿಯಿಂದ ಈ ಪ್ರಶ್ನೆಯನ್ನು ಪರಿಶೀಲಿಸುವುದು ಅವಶ್ಯ.

ವಿಧಾನದ ಸ್ವರೂಪ

ಆಟಿಸಂ ಎಂಬುದನ್ನು ಪ್ರತ್ಯೇಕ ಸ್ಥಿತಿಯಾಗಿ ಮೊದಲು ವಿವರಿಸಿದವರಲ್ಲಿ ಪ್ರಮುಖರು ಅಮೆರಿಕದ ಬಾಲ್ಟಿಮೋರ್ ನಗರದ ಮನೋವೈದ್ಯ ಲಿಯೋ ಕ್ಯಾನರ್. 1943ರಲ್ಲಿ ಅವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಕನ್ನಡದಲ್ಲಿ ಇದಕ್ಕೆ ಸ್ವಲೀನತೆ ಎಂಬ ಶಬ್ದ ಬಳಕೆಗೆ ಬಂದಿದೆ. ಈ ಶಬ್ದ ಒಂದು ಭ್ರಮೆಗೂ ಎಡೆಮಾಡುತ್ತದೆ. ಮಗು ತನ್ನಲ್ಲಿಯೇ ಮುಳುಗಿದೆ, ಹೊರಗಿನದು ಅದಕ್ಕೆ ತಾಕುವುದಿಲ್ಲ ಎಂದು ಕೇಳಿದವರು ತಿಳಿಯುತ್ತಾರೆ. ವಾಸ್ತವದಲ್ಲಿ ಇಂತಹ ಅನೇಕ ಮಕ್ಕಳಿಗೆ ಶಬ್ದ, ಬೆಳಕು, ಸ್ಪರ್ಶಗಳು ಇತರರಿಗಿಂತ ಹೆಚ್ಚೇ ತಾಕುತ್ತವೆ. ಯಂತ್ರದ ಸದ್ದಿಗೆ ಕಿವಿ ಮುಚ್ಚಿಕೊಳ್ಳುವ ಮಗು ಜಗತ್ತನ್ನು ಮರೆತ ಮಗುವಲ್ಲ, ಜಗತ್ತು ಅತಿಯಾಗಿ ಮೈಮೇಲೆ ಬಂದ ಮಗು.

ವರ್ತನಾ ಶಿಕ್ಷಣದ ಮೂಲ ತತ್ತ್ವ ಸರಳವಾದುದು. ಯಾವ ಕಾರ್ಯದ ಹಿಂದೆಯೇ ಹಿತವಾದ ಫಲ ದೊರೆಯುವುದೋ ಆ ಕಾರ್ಯ ಮರುಕಳಿಸುತ್ತದೆ, ಫಲ ದೊರೆಯದ ಕಾರ್ಯ ಕ್ರಮೇಣ ನಿಲ್ಲುತ್ತದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಇದನ್ನು ಪ್ರಯೋಗಗಳಿಂದ ವಿಸ್ತರಿಸಿದರು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿದ್ದ ಐವರ್ ಲೋವಾಸ್ 1960ರ ದಶಕದಿಂದ ಇದನ್ನು ಆಟಿಸಂ ಮಕ್ಕಳ ಶಿಕ್ಷಣಕ್ಕೆ ಬಳಸಿದರು. ಕಲಿಸಬೇಕಾದ ಕೆಲಸವನ್ನು ಸಣ್ಣ ಸಣ್ಣ ಹೆಜ್ಜೆಗಳಾಗಿ ಒಡೆಯುವುದು ಇಲ್ಲಿನ ಕ್ರಮ. ಕೈ ತೊಳೆಯುವುದು ದೊಡ್ಡವರಿಗೆ ಒಂದೇ ಕೆಲಸ. ಈ ಮಕ್ಕಳಿಗೆ ಅದು ನಲ್ಲಿ ತಿರುಗಿಸುವುದು, ಕೈ ಒದ್ದೆ ಮಾಡುವುದು, ಸೋಪು ಹಿಡಿಯುವುದು, ಉಜ್ಜುವುದು, ತೊಳೆಯುವುದು, ನಲ್ಲಿ ನಿಲ್ಲಿಸುವುದು, ಒರೆಸಿಕೊಳ್ಳುವುದು ಎಂಬ ಏಳು ಕೆಲಸ. ಒಂದೊಂದು ಹೆಜ್ಜೆಗೂ ಗುರು ಚಿಕ್ಕ ಸೂಚನೆ ಕೊಡುತ್ತಾನೆ, ಬೇಕಾದರೆ ಕೈಹಿಡಿದು ಮಾಡಿಸುತ್ತಾನೆ, ಮಾಡಿದೊಡನೆ ಮೆಚ್ಚುಗೆಯನ್ನೋ ಪ್ರಿಯವಸ್ತುವನ್ನೋ ಕೊಡುತ್ತಾನೆ. ಮಗು ಕಲಿತಂತೆ ಕೈಯಾಸರೆಯನ್ನು ಹಂತಹಂತವಾಗಿ ತೆಗೆಯುತ್ತಾನೆ. ಎಷ್ಟು ಸಲ ತಾನಾಗಿ ಮಾಡಿತು, ಎಷ್ಟು ಸಲ ಸಹಾಯ ಬೇಕಾಯಿತು ಎಂಬುದನ್ನು ದಿನವೂ ಪುಸ್ತಕದಲ್ಲಿ ಬರೆದಿಡುತ್ತಾನೆ. ಲೆಕ್ಕ ಬರೆಯುವ ಅಭ್ಯಾಸವುಳ್ಳ ವ್ಯಾಪಾರಿ ಮನೆತನಗಳಿಗೆ ಈ ಶಿಸ್ತು ಅಪರಿಚಿತವೇನೂ ಅಲ್ಲ.

1987ರಲ್ಲಿ ಲೋವಾಸ್ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ವಾರಕ್ಕೆ 40 ಗಂಟೆಗಳಂತೆ ಎರಡು ವರ್ಷಕ್ಕೂ ಮಿಕ್ಕಿ ಪಾಠ ಪಡೆದ 19 ಎಳೆಯ ಮಕ್ಕಳಲ್ಲಿ 9 ಮಕ್ಕಳು ಸಾಮಾನ್ಯ ಶಾಲೆಯಲ್ಲಿ ಸಾಮಾನ್ಯ ಮಕ್ಕಳಂತೆ ಕಲಿಯಬಲ್ಲವರಾದರು ಎಂಬ ಆ ವರದಿ ಪಾಲಕರಲ್ಲಿ ಅಪಾರವಾದ ಆಸೆಯನ್ನು ಹುಟ್ಟಿಸಿತು. ಅಲ್ಲಿಯವರೆಗೆ ಅವರ ಪಾಲಿಗಿದ್ದುದು ಬಹುಮಟ್ಟಿಗೆ ನಿಂದೆ. 1967ರಲ್ಲಿ ಬ್ರೂನೋ ಬೆಟಲ್‌ಹೈಮ್ ಎಂಬುವರು ಬರೆದ ಗ್ರಂಥ, ತಾಯಿಯ ಪ್ರೀತಿಯಿಲ್ಲದ ಮನಸ್ಸೇ ಈ ಸ್ಥಿತಿಗೆ ಕಾರಣವೆಂಬ ಭಾವನೆಯನ್ನು ಬಲಪಡಿಸಿತ್ತು. ಅದು ಸುಳ್ಳೆಂದು ಈಗ ಸಿದ್ಧವಾಗಿದೆ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು, ಇದರಲ್ಲಿ ಆನುವಂಶಿಕತೆಯ ಪಾತ್ರ ದೊಡ್ಡದು. ಪಶ್ಚಿಮದವರು ತಾಯಿಯ ಮನಸ್ಸನ್ನು ದೂರಿದಂತೆಯೇ ಇಲ್ಲಿ ತಾಯಿಯ ಕರ್ಮವನ್ನು ದೂರುವವರಿದ್ದಾರೆ. ಕರ್ಮಸಿದ್ಧಾಂತವು ತನ್ನ ಕರ್ಮವನ್ನು ತಾನು ಪರಿಶೀಲಿಸಿಕೊಳ್ಳಲೆಂದು ಇದೆ. ಪರರ ಕರ್ಮವನ್ನು ಓದಿ ಹೇಳುವ ಅಧಿಕಾರವನ್ನು ಅದು ಯಾವ ನೆಂಟನಿಗೂ ಕೊಟ್ಟಿಲ್ಲ.

ಅತಿಚಾರಗಳ ಒರೆಗಲ್ಲು

ಈಗ ಐದು ಅತಿಚಾರಗಳನ್ನು ಒಂದೊಂದಾಗಿ ಈ ಪಾಠದ ಕೋಣೆಗೆ ಅನ್ವಯಿಸಿ ನೋಡಬಹುದು.

ಮೊದಲನೆಯದು ವಧ. ಇಲ್ಲಿ ವಧವೆಂದರೆ ಕೊಲ್ಲುವುದಲ್ಲ, ಹೊಡೆಯುವುದು. ಲೋವಾಸರ ಆರಂಭದ ಪ್ರಯೋಗಗಳಲ್ಲಿ ನೋವಿನ ವಿದ್ಯುದಾಘಾತವೂ ಇತ್ತು. 1987ರ ವರದಿಯಲ್ಲಿ ಸಹ ಗಟ್ಟಿಯಾಗಿ ಗದರುವುದು, ಕೆಲವೊಮ್ಮೆ ತೊಡೆಗೆ ಹೊಡೆಯುವುದು ಪಾಠದ ಭಾಗವಾಗಿದ್ದವು. ಇಂದು ಈ ವಿದ್ಯೆಯನ್ನು ಕಲಿಸುವ ಬಹುತೇಕರು ಅದನ್ನು ಬಿಟ್ಟಿದ್ದಾರೆ. ಆದರೂ ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ಒಂದು ವಸತಿ ಶಾಲೆ ಆಘಾತದ ಉಪಕರಣವನ್ನು ಉಳಿಸಿಕೊಂಡು ಬಂದಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಅದನ್ನು ನಿಷೇಧಿಸಿದರೆ, 2021ರಲ್ಲಿ ನ್ಯಾಯಾಲಯ ಆ ನಿಷೇಧವನ್ನು ರದ್ದುಮಾಡಿತು. ಹಳೆಯ ವ್ಯಾಖ್ಯಾನಕಾರರು ಶಿಸ್ತಿಗಾಗಿ ಕೊಡುವ ಹಗುರವಾದ ಪೆಟ್ಟನ್ನು ಪೂರ್ತಿಯಾಗಿ ನಿಷೇಧಿಸಿರಲಿಲ್ಲ ಎಂಬುದನ್ನು ಪ್ರಾಮಾಣಿಕವಾಗಿ ಒಪ್ಪಿಕೊಳ್ಳಬೇಕು. ಆದರೆ ಭಾರತದ ಶಿಕ್ಷಣ ಹಕ್ಕು ಕಾಯಿದೆ 2009ರಲ್ಲಿಯೇ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಸರ್ಕಾರದ ಕಾನೂನಿಗಿಂತ ಶ್ರಾವಕನ ಮನೆಯ ನಿಯಮ ಸಡಿಲವಾಗಿರುವುದು ವ್ರತಕ್ಕೆ ಶೋಭೆಯಲ್ಲ.

ಎರಡನೆಯದು ಅನ್ನಪಾನನಿರೋಧ. ಊಟವಾದ ಮೇಲೆ ಪಾಠದ ಮಧ್ಯೆ ಒಂದು ತುಂಡು ಹಣ್ಣನ್ನು ಮೆಚ್ಚುಗೆಯಾಗಿ ಕೊಡುವುದು ಅತಿಚಾರವಲ್ಲ. ಪಾಠ ಚೆನ್ನಾಗಿ ಆಗಲೆಂದು ಮಗುವನ್ನು ಹಸಿದಿರುವಂತೆ ಮಾಡುವುದು ಅತಿಚಾರ. ಇವೆರಡಕ್ಕೂ ಹೊರನೋಟಕ್ಕೆ ಹೆಚ್ಚು ವ್ಯತ್ಯಾಸವಿಲ್ಲ, ಎರಡರಲ್ಲಿಯೂ ಹಣ್ಣು ಅದೇ, ಕೈಯೂ ಅದೇ. ವ್ಯತ್ಯಾಸವಿರುವುದು ಕಪಾಟಿನ ಬೀಗದಲ್ಲಿ. ನೀರು ಎಂಬ ಮಾತಿಗೆ ನೀರೇ ಫಲವಾಗಬೇಕು, ಮಿಠಾಯಿಯಲ್ಲ; ಆಗ ಮಗು ಕಲಿಯುವುದು ಮಾತಿನ ಬಲವನ್ನು, ಕೇವಲ ಆಜ್ಞಾಪಾಲನೆಯನ್ನಲ್ಲ. ಈಚಿನ ವರ್ತನಾ ಶಿಕ್ಷಣವೂ ಇದೇ ದಿಕ್ಕಿಗೆ ತಿರುಗಿದೆ. ಮೇಜಿನ ಮುಂದೆ ಕೂರಿಸಿ ಕಲಿಸುವುದರ ಬದಲು ಆಟ, ಊಟ, ಸ್ನಾನಗಳ ಮಧ್ಯದಲ್ಲಿಯೇ, ಮಗು ತಾನಾಗಿ ಬಯಸಿದುದನ್ನು ಹಿಡಿದು ಕಲಿಸುವ ಪದ್ಧತಿಗಳು ಬೆಳೆದಿವೆ.

ಮೂರನೆಯದು ಅತಿಭಾರಾರೋಪಣ. ಆವಶ್ಯಕಸೂತ್ರದ ಮೇಲಿನ ಪ್ರಾಚೀನ ವ್ಯಾಖ್ಯಾನಗಳು ಇದಕ್ಕೆ ಒಂದು ಅಳತೆಯನ್ನು ಕೊಡುತ್ತವೆ. ಮನುಷ್ಯನಿಗೆ ತಾನೇ ಎತ್ತಿಕೊಂಡು ತಾನೇ ಇಳಿಸಬಲ್ಲಷ್ಟು ಹೊರೆಯನ್ನು ಮಾತ್ರ ಹೊರಿಸಬೇಕು. ಎತ್ತಿಗೆ ಅದು ಹೊರಬಲ್ಲುದಕ್ಕಿಂತ ಸ್ವಲ್ಪ ಕಡಿಮೆ ಹೊರಿಸಬೇಕು, ಹೊತ್ತಿಗೆ ಸರಿಯಾಗಿ ನೊಗ ಇಳಿಸಬೇಕು. ವಾರಕ್ಕೆ 40 ಗಂಟೆ ಎಂಬುದು ದೊಡ್ಡವರು ಕಚೇರಿಯಲ್ಲಿ ದುಡಿಯುವ ಅವಧಿ. ನಾಲ್ಕು ವರ್ಷದ ಮಗುವಿಗೆ ಆ ಹೊರೆಯನ್ನು ಹೊರಿಸುವ ಮುನ್ನ ಅದು ತಾನೇ ಇಳಿಸಬಲ್ಲುದೇ ಎಂದು ಕೇಳಬೇಕು. ಅಳುವಿನ ಹೊರತು ಬೇರೆ ಭಾಷೆಯಿಲ್ಲದ ಮಗು ಅತ್ತರೂ ಪಾಠ ನಿಲ್ಲಿಸಬಾರದೆಂದರೆ, ಆ ಹೊರೆಯನ್ನು ಇಳಿಸುವ ದಾರಿಯನ್ನೇ ಮುಚ್ಚಿದಂತಾಯಿತು.

ನಾಲ್ಕನೆಯದು ಛೇದ. ಇದನ್ನು ಶಬ್ದಶಃ ಇಲ್ಲಿಗೆ ತರಲಾಗದು, ಆದರೆ ಭಾವಾರ್ಥದಲ್ಲಿ ತರಬಹುದು. ಅಂಗಛೇದವನ್ನು ನಿಷೇಧಿಸಿದ ವ್ಯಾಖ್ಯಾನಕಾರರು ಕುರುವನ್ನು ಕೊಯ್ಯುವುದಕ್ಕೆ ಅಡ್ಡಿ ಹೇಳಲಿಲ್ಲ. ಗೋಡೆಗೆ ತಲೆ ಬಡಿದುಕೊಳ್ಳುವುದು, ಕೈ ಕಚ್ಚಿಕೊಳ್ಳುವುದು ಕುರುವಿನಂತೆ, ಅದನ್ನು ನಿಲ್ಲಿಸಲೇಬೇಕು. ಸಂತೋಷವಾದಾಗ ಕೈ ಬಡಿಯುವುದು, ಮುಚ್ಚಳ ತಿರುಗಿಸುವುದು ಯಾರಿಗೆ ಏನು ಕೇಡು ಮಾಡುತ್ತದೆ? ಬಹುಪಾಲು ಅದು ಮಗು ತನ್ನನ್ನು ತಾನು ಸಮಾಧಾನಪಡಿಸಿಕೊಳ್ಳುವ ಉಪಾಯ. ನೆರೆಹೊರೆಯವರು ನೋಡಿಯಾರು ಎಂಬ ಕಾರಣಕ್ಕೆ ಅದನ್ನು ಕತ್ತರಿಸುವುದಾದರೆ, ಗುಣವಾಗುತ್ತಿರುವುದು ಮಗುವಿನ ನೋವಲ್ಲ, ಮನೆಯವರ ನಾಚಿಕೆ.

ಉಳಿದದ್ದು ಬಂಧ. ಐದರಲ್ಲಿ ಮೊದಲು ಹೇಳಲಾದ ಇದನ್ನು ಕೊನೆಗೆ ಎತ್ತಿಕೊಳ್ಳಲು ಕಾರಣವಿದೆ. ಇಡೀ ಪ್ರಶ್ನೆಗೆ ಉತ್ತರ ಇದರ ವ್ಯಾಖ್ಯಾನದಲ್ಲಿಯೇ ಅಡಗಿದೆ.

ಸಾಪೇಕ್ಷ ಬಂಧ

ಆವಶ್ಯಕಸೂತ್ರದ ವ್ಯಾಖ್ಯಾನಪರಂಪರೆ ಬಂಧವನ್ನು ಎರಡಾಗಿ ವಿಂಗಡಿಸುತ್ತದೆ. ಕಾರಣವಿಲ್ಲದೆ ಕಟ್ಟುವುದು ಸರ್ವಥಾ ವರ್ಜ್ಯ. ಕಾರಣವಿದ್ದು ಕಟ್ಟುವುದರಲ್ಲಿಯೂ ನಿರಪೇಕ್ಷ, ಸಾಪೇಕ್ಷ ಎಂದು ಭೇದವಿದೆ. ಕಟ್ಟಿಸಿಕೊಂಡ ಜೀವದ ಗತಿಯನ್ನು ಲೆಕ್ಕಿಸದೆ ಬಿಗಿಯಾಗಿ ಕಟ್ಟುವುದು ನಿರಪೇಕ್ಷ. ಮನೆಗೆ ಬೆಂಕಿ ಬಿದ್ದರೆ ಥಟ್ಟನೆ ಬಿಚ್ಚಿಕೊಳ್ಳುವಂತೆ ಗಂಟನ್ನು ಸಡಿಲವಾಗಿ ಹಾಕುವುದು ಸಾಪೇಕ್ಷ. ಕಟ್ಟಲ್ಪಡುವವರ ಪಟ್ಟಿಯಲ್ಲಿ ಆ ವ್ಯಾಖ್ಯಾನಕಾರರು ದಾಸ, ದಾಸಿ, ಕಳ್ಳರ ಜೊತೆಗೆ ಓದದ ಮಗನನ್ನೂ ಹೆಸರಿಸಿದ್ದಾರೆಂಬುದು ಗಮನಾರ್ಹ. ಕಲಿಯದ ಮಗುವನ್ನು ಕಟ್ಟಿಹಾಕುವ ತಂದೆ ಅವರ ಕಾಲದಲ್ಲಿಯೂ ಇದ್ದನು. ಅವನಿಗೆ ಅವರು ಹೇಳಿದ್ದು ಒಂದೇ ಮಾತು: ಕಟ್ಟಲೇಬೇಕಾದರೆ ಬೆಂಕಿಯನ್ನು ನೆನೆದು ಕಟ್ಟು.

ಇಲ್ಲೊಂದು ಆಕ್ಷೇಪ ಬರಬಹುದು. ಎಲ್ಲ ಶಿಕ್ಷಣವೂ ಒಂದು ಬಂಧವೇ ಅಲ್ಲವೇ? ಒಂದೇ ಮಾತನ್ನು ನೂರು ಸಲ ಹೇಳಿಸುವುದು ಎಲ್ಲಿಯೂ ಇರುವುದೇ ಅಲ್ಲವೇ? ಹೆಗ್ಗೋಡಿನವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ. 1949ರಲ್ಲಿ ಕೆ. ವಿ. ಸುಬ್ಬಣ್ಣ ಮತ್ತು ಅವರ ಗೆಳೆಯರು ಕಟ್ಟಿದ ನೀನಾಸಮ್, 1980ರಲ್ಲಿ ಆರಂಭಿಸಿದ ರಂಗಶಿಕ್ಷಣ ಕೇಂದ್ರದ ಮೂಲಕ ಆ ಸಣ್ಣ ಊರನ್ನು ತಾಲೀಮಿನ ಊರನ್ನಾಗಿ ಮಾಡಿದೆ. ರಂಗದ ಮೇಲೆ ಒಂದು ನಡಿಗೆಯನ್ನು ಕಲಿಸಲು ಅದನ್ನು ಹೆಜ್ಜೆಹೆಜ್ಜೆಯಾಗಿ ಒಡೆಯಬೇಕಾಗುತ್ತದೆ, ಒಂದು ಮಾತನ್ನು ಸರಿಯಾಗಿ ಆಡಿಸಲು ಹತ್ತಾರು ಸಲ ತಿದ್ದಬೇಕಾಗುತ್ತದೆ. ಕ್ರಮವಾಗಲಿ, ಪುನರಾವೃತ್ತಿಯಾಗಲಿ ತಾನಾಗಿ ಹಿಂಸೆಯಲ್ಲ. ಆದರೆ ನಟ ಆ ತಾಲೀಮಿಗೆ ತಾನೇ ಬಂದವನು. ಬೇಡವೆನಿಸಿದರೆ ಎದ್ದುಹೋಗಬಲ್ಲವನು. ಆಟ ಮುಗಿದ ಮೇಲೆ ಚೌಕಿಗೆ ಹೋಗಿ ಬಣ್ಣ ಒರೆಸಿಕೊಳ್ಳುವವನು. ಇಡೀ ದಿನ ಬೇರೆಯವರ ಮಗುವಿನಂತೆ ಕುಳಿತಿರು, ಬೇರೆಯವರ ಮಗುವಿನಂತೆ ನೋಡು ಎಂದು ಕಲಿಸಲ್ಪಟ್ಟ ಮಗುವಿಗೆ ಚೌಕಿ ಎಲ್ಲಿದೆ? ಹೀಗೆ ಬೆಳೆದು ಮಾತು ಬಂದ ಅನೇಕ ಆಟಿಸಂ ವ್ಯಕ್ತಿಗಳು ತಮ್ಮ ಬಾಲ್ಯದ ಪಾಠಗಳನ್ನು ಕುರಿತು ಹೇಳಿಕೊಂಡ ದೂರು ಇದುವೇ. ತಮಗೆ ಕಲಿಸಿದರೆಂಬುದು ಅವರ ಆಕ್ಷೇಪವಲ್ಲ, ತಾವಾಗಿರುವುದೇ ತಪ್ಪೆಂದು ಕಲಿಸಿದರೆಂಬುದು ಆಕ್ಷೇಪ.

ವ್ಯಾಪಾರದಲ್ಲಿ ಪಳಗಿದವರಿಗೆ ಇದನ್ನು ಇನ್ನೊಂದು ಬಗೆಯಲ್ಲಿ ಹೇಳಬಹುದು. ಹಣ್ಣು ಕೊಟ್ಟು ಕೆಲಸ ಮಾಡಿಸುವುದು ಒಂದು ಕೊಡುಕೊಳೆ. ಕೊಡುಕೊಳೆ ನ್ಯಾಯವಾಗಿರಬೇಕಾದರೆ ಎದುರಿನವನಿಗೆ ‘ಬೇಡ’ ಎನ್ನುವ ಶಕ್ತಿ ಇರಬೇಕು. ಬೇಡವೆನ್ನಲಾರದವನ ಜೊತೆ ನಡೆಯುವುದನ್ನು ಯಾವ ಪೇಟೆಯಲ್ಲಿಯೂ ವ್ಯಾಪಾರವೆಂದು ಕರೆಯುವುದಿಲ್ಲ.

ಆದ್ದರಿಂದ ಇಂತಹ ಮಗುವಿಗೆ ಮೊಟ್ಟಮೊದಲು ಕಲಿಸಬೇಕಾದ ಮಾತು ‘ಸಾಕು’. ಬಾಯಿಂದ ಬಾರದಿದ್ದರೆ ಕೈಸನ್ನೆಯಿಂದ, ಅದೂ ಆಗದಿದ್ದರೆ ಒಂದು ಚಿತ್ರದ ಚೀಟಿಯಿಂದ. ಇದು ಕೇವಲ ಭಾವುಕತೆಯ ಮಾತಲ್ಲ. ವರ್ತನಾ ವಿಜ್ಞಾನಿಗಳೇ ಕಂಡುಕೊಂಡ ಸಂಗತಿ. ಅಮೆರಿಕದ ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಗು ಯಾವುದಕ್ಕಾಗಿ ಹಟ ಮಾಡುತ್ತಿದೆ ಎಂಬುದನ್ನು ಮೊದಲು ಅರಿತು, ಅದನ್ನೇ ಕೇಳಿಕೊಳ್ಳುವ ಮಾತನ್ನು ಕಲಿಸಿದಾಗ ಹಟ ತಾನಾಗಿ ಇಳಿಯಿತು. ಚೀರಾಟವೂ ಒಂದು ಭಾಷೆ ಎಂಬ ಸತ್ಯ ಇಲ್ಲಿ ಪ್ರಯೋಗದಿಂದ ಸಿದ್ಧವಾಯಿತು. ಮಾತಿಲ್ಲದ ಜೀವಿಗಳಿಗೂ ವೇದನೆಯುಂಟು, ಉಪಯೋಗವೇ ಜೀವದ ಲಕ್ಷಣ ಎಂದು ಬೋಧಿಸುವ ಧರ್ಮದವರಿಗೆ ಇದು ಹೊಸದಾಗಿ ತಿಳಿಯಬೇಕಾದದ್ದಲ್ಲ. ಸಣ್ಣ ಜೀವಕ್ಕೆ ನೋವಾದೀತೆಂದು ನೀರನ್ನು ಸೋಸಿ ಕುಡಿಯುವ ಮನೆಯಲ್ಲಿ ಪಂಚೇಂದ್ರಿಯವುಳ್ಳ ಮಗುವಿನ ಅಳುವನ್ನು ಹಟವೆಂದು ತಳ್ಳಿಹಾಕಲು ಬರುವುದಿಲ್ಲ.

‘ಸಾಕು’ ಎಂದಾಗ ಪಾಠ ನಿಲ್ಲಬೇಕು. ಐದು ನಿಮಿಷವಾದರೂ ನಿಲ್ಲಬೇಕು. ಮೊದಮೊದಲು ಮಗು ಪದೇಪದೇ ಅದೇ ಚೀಟಿಯನ್ನು ಎತ್ತಬಹುದು. ಪಾಠ ಸಾಗದೆಂದು ಗುರುವಿಗೆ ಬೇಸರವಾಗಬಹುದು. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಈ ಐದು ಅತಿಚಾರಗಳನ್ನು ಹೇಳುವಾಗ ಕ್ರೋಧವೆಂಬ ಶಬ್ದವನ್ನು ಮೊದಲಿಗೇ ಇಟ್ಟಿರುವುದು ಇಂತಹ ಗಳಿಗೆಗೆ ಒಪ್ಪುತ್ತದೆ. ಗುರುವಿಗೆ ಸಿಟ್ಟು ಬಂದ ಕ್ಷಣವೇ ಪಾಠ ನಿಲ್ಲಿಸಬೇಕಾದ ಕ್ಷಣ. ತನ್ನ ಮಾತು ನಡೆಯುತ್ತದೆಂಬ ನಂಬಿಕೆ ಬಂದ ಮೇಲೆ ಮಗು ಪಾಠಕ್ಕೆ ತಾನಾಗಿ ಮರಳುವ ಸಂಭವ ಹೆಚ್ಚು.

ತಂದೆಯ ಮಾತಿಗೆ ಉತ್ತರ

ಇಷ್ಟಾದರೂ ತಂದೆಯ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಮಗು ತೆರೆದ ಬಾವಿಯತ್ತ ಓಡಿದರೆ ಅದರ ಒಪ್ಪಿಗೆ ಕೇಳುತ್ತ ನಿಲ್ಲಲಾಗುವುದೇ? ಇಲ್ಲ. ಹಿಡಿದು ನಿಲ್ಲಿಸಲೇಬೇಕು. ಅದು ಸಾಪೇಕ್ಷ ಬಂಧ, ಬೆಂಕಿಯನ್ನು ನೆನೆದು ಹಾಕಿದ ಗಂಟು. ಸ್ವತಃ ಉಣ್ಣುವುದು, ಶೌಚ, ಬಟ್ಟೆ, ರಸ್ತೆ ದಾಟುವುದು, ನೋವಾದರೆ ಹೇಳುವುದು ಇವನ್ನು ಕಲಿಸದೆ ಬಿಟ್ಟರೆ ಅದನ್ನು ಸ್ವಾತಂತ್ರ್ಯವೆಂದು ಕರೆಯಲಾಗದು. ಪ್ರಮಾದದಿಂದ ಪ್ರಾಣಕ್ಕೆ ಒದಗುವ ಪೀಡೆಯೇ ಹಿಂಸೆ ಎಂದು ಆಚಾರ್ಯರು ಹೇಳಿರುವಾಗ, ಪಾಪವೆಂದು ಮುದ್ದಿಸಿ ಏನನ್ನೂ ಕಲಿಸದಿರುವುದೂ ಪ್ರಮಾದವೇ. ಕಲಿಸಬೇಕೇ ಬೇಡವೇ ಎಂಬುದರಲ್ಲಿ ತಂದೆಯ ಮಾತು ಗೆಲ್ಲುತ್ತದೆ. ಹೇಗೆ ಕಲಿಸಬೇಕು ಎಂಬುದರಲ್ಲಿ ತಾಯಿಯ ಮಾತು ಗೆಲ್ಲಬೇಕು.

ಸತ್ಯಾಣುವ್ರತದ ಒಂದು ಮಾತೂ ಇಲ್ಲಿ ಸೇರುತ್ತದೆ. 19ರಲ್ಲಿ 9 ಎಂಬ ಆ ಹಳೆಯ ಲೆಕ್ಕವನ್ನು ಅರ್ಧ ಮಕ್ಕಳು ಗುಣವಾಗುತ್ತಾರೆಂದು ಹೇಳಿ ಹಣ ಕೇಳುವವರಿದ್ದಾರೆ. ಆ ಅಧ್ಯಯನದಲ್ಲಿ ಮಕ್ಕಳನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಕ್ರಮಬದ್ಧ ವರ್ತನಾ ಶಿಕ್ಷಣದಿಂದ ಕೆಲವು ಮಕ್ಕಳಿಗೆ ಪ್ರಯೋಜನವಿದೆ, ಆದರೆ ಪುರಾವೆ ದುರ್ಬಲ ಎಂದು 2018ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ ಹೇಳಿತು. ಗುಣಪಡಿಸುತ್ತೇವೆಂದು ಭರವಸೆ ಕೊಡುವವನ ತಕ್ಕಡಿಯನ್ನು ಪರೀಕ್ಷಿಸಬೇಕು. ಕಳ್ಳ ತೂಕ ಅಚೌರ್ಯಾಣುವ್ರತಕ್ಕೂ ಅತಿಚಾರ. ಲೋವಾಸರದೇ 1973ರ ಇನ್ನೊಂದು ಅಧ್ಯಯನ ಇಂದಿಗೂ ನೆನಪಿಡತಕ್ಕದ್ದು. ಪಾಠ ಮುಗಿದ ಮೇಲೆ ಆಶ್ರಯಸಂಸ್ಥೆಗಳಿಗೆ ಕಳುಹಿಸಲಾದ ಮಕ್ಕಳು ಕಲಿತುದನ್ನು ಕಳೆದುಕೊಂಡರು. ಕಲಿಸುವುದನ್ನು ತಾವೂ ಕಲಿತ ತಂದೆತಾಯಿಯರ ಬಳಿ ಉಳಿದ ಮಕ್ಕಳು ಅದನ್ನು ಉಳಿಸಿಕೊಂಡರು. ದೊಡ್ಡ ಕೇಂದ್ರಗಳಿಂದ ದೂರವಿರುವ ಮಲೆನಾಡಿನ ಮನೆಗಳಿಗೆ ಇದಕ್ಕಿಂತ ಧೈರ್ಯ ಕೊಡುವ ಸಂಗತಿ ಮತ್ತೊಂದಿಲ್ಲ.

ಕರ್ನಾಟಕದಲ್ಲಿಯೇ ಇದಕ್ಕೆ ಆಸರೆಗಳಿವೆ. 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇಂತಹ ಮಕ್ಕಳ ಪರೀಕ್ಷೆ ಮತ್ತು ಮಾರ್ಗದರ್ಶನ ನಡೆಸುತ್ತವೆ. ವಾಕ್‌ಚಿಕಿತ್ಸಾ ವಿದುಷಿ ಪ್ರತಿಭಾ ಕಾರಂತರು ಬೆಂಗಳೂರಿನಲ್ಲಿ ಎಳೆಯ ಮಕ್ಕಳಿಗಾಗಿ ರೂಪಿಸಿದ ‘ಕಾಮ್ ಡೀಲ್’ ಎಂಬ ಕಾರ್ಯಕ್ರಮದ ಫಲಿತಾಂಶ 2010ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅದು ಒಂದೇ ಪಂಥಕ್ಕೆ ಅಂಟಿಕೊಳ್ಳದೆ ಮಗುವಿನ ಬೆಳವಣಿಗೆಯ ಕ್ರಮವನ್ನು ಅನುಸರಿಸಿ ಹಲವು ವಿಧಾನಗಳಿಂದ ಆಯ್ದುಕೊಳ್ಳುತ್ತದೆ. 2016ರ ವಿಕಲಚೇತನರ ಹಕ್ಕುಗಳ ಕಾಯಿದೆ ಗುರುತಿಸಿರುವ 21 ವಿಧಗಳಲ್ಲಿ ಆಟಿಸಂ ಕೂಡ ಒಂದು. ಪ್ರಮಾಣಪತ್ರ ಪಡೆಯಲು ನಾಚಿಕೆಪಡುವ ಕುಟುಂಬ ಮಗುವಿನ ಹಕ್ಕನ್ನು ತಾನೇ ತಡೆದಂತಾಗುತ್ತದೆ.

ಬಸದಿಗಳ ಹೊಣೆ

ಕೊನೆಯದಾಗಿ ಬಸದಿಗಳ ಆಡಳಿತ ಮಂಡಳಿಗಳು ಯೋಚಿಸಬೇಕಾದ ಒಂದು ವಿಷಯವಿದೆ. ಅಭಿಷೇಕದ ದಿನ ಈ ಮಗು ಬಸದಿಗೆ ಬಂದರೆ ಅದಕ್ಕೆ ಎದುರಾಗುವುದು ಜಾಗಟೆ, ಧ್ವನಿವರ್ಧಕ, ನೂಕುನುಗ್ಗಲು. ಮಗು ಚೀರುತ್ತದೆ, ಹತ್ತು ತಲೆಗಳು ತಿರುಗುತ್ತವೆ, ತಾಯಿ ಸೆರಗಿನಿಂದ ಮುಖ ಮುಚ್ಚಿಕೊಂಡು ಹೊರಗೆ ಹೋಗುತ್ತಾಳೆ. ಮುಂದಿನ ವರ್ಷ ಅವಳು ಬರುವುದಿಲ್ಲ. ಹರಕೆ ತೀರಿಸಲು ಹೊಂಬುಜಕ್ಕೆ ಹೋದ ಅಜ್ಜಿಯೂ ಮಗುವನ್ನು ಮನೆಯಲ್ಲಿಯೇ ಬಿಟ್ಟುಹೋಗುತ್ತಾಳೆ. ಹೀಗೆ ಯಾರೂ ಹೊರಗಟ್ಟದೆಯೇ ಒಂದು ಕುಟುಂಬ ಸಮಾಜದಿಂದ ಹೊರಗಾಗುತ್ತದೆ.

ಇದಕ್ಕೆ ಹೆಚ್ಚು ಖರ್ಚಿನ ಪರಿಹಾರ ಬೇಕಿಲ್ಲ. ವಾರದಲ್ಲಿ ಒಂದು ದಿನ ಬೆಳಗಿನ ಒಂದು ಗಂಟೆ ಜಾಗಟೆ, ಧ್ವನಿವರ್ಧಕಗಳಿಲ್ಲದ ದರ್ಶನ. ಪರ್ವದ ದಿನಗಳಲ್ಲಿ ಗದ್ದಲದಿಂದ ದೂರವಾದ ಒಂದು ಕೋಣೆ, ಚಾಪೆ, ತಂಪು ಬೆಳಕು. ಸಮಾಜದ ಒಬ್ಬಿಬ್ಬರು ತರುಣ ತರುಣಿಯರನ್ನು ಈ ಶಿಕ್ಷಣ ಕಲಿಯಲು ಕಳುಹಿಸುವ ವಿದ್ಯಾರ್ಥಿವೇತನ. ಮೈಸೂರಿಗೋ ಬೆಂಗಳೂರಿಗೋ ಹೋಗಿಬರಬೇಕಾದ ಕುಟುಂಬಕ್ಕೆ ಬಸ್ ಖರ್ಚು, ಉಳಿದುಕೊಳ್ಳಲು ಜೈನ ಛತ್ರದಲ್ಲಿ ಒಂದು ಕೋಣೆ. ಮತ್ತು ಎಲ್ಲಕ್ಕಿಂತ ಮೊದಲು, ಚೀರುವ ಮಗುವಿನ ಕಡೆ ತಿರುಗದ ಹತ್ತು ತಲೆಗಳು.

ಆಹಾರ, ಔಷಧ, ಶಾಸ್ತ್ರ, ಅಭಯ ಎಂದು ದಾನ ನಾಲ್ಕು ಬಗೆ. ಮೊದಲ ಮೂರಕ್ಕೆ ಬಸದಿಗಳ ಲೆಕ್ಕಪುಸ್ತಕಗಳಲ್ಲಿ ಪ್ರತ್ಯೇಕ ಪುಟಗಳು ಸಿಗುತ್ತವೆ. ಅಭಯದಾನವನ್ನು ಕಸಾಯಿಖಾನೆಯಿಂದ ಪ್ರಾಣಿಗಳನ್ನು ಬಿಡಿಸಿ ತರುವುದಕ್ಕೆ ಸೀಮಿತವಾಗಿಸುವುದುಂಟು. ಅದು ಪುಣ್ಯಕಾರ್ಯವೇ ಸರಿ. ಆದರೆ ಮೇಜಿನ ಮುಂದೆ ಕೂತ ಮಾತಿಲ್ಲದ ಮಗುವಿಗೂ ಅಭಯ ಬೇಕು. ‘ಸಾಕು’ ಎಂಬ ಚೀಟಿಯನ್ನು ಅದು ಎತ್ತಿದಾಗ ಗುರುವಿನ ಕೈ ನಿಂತರೆ, ಆ ಮನೆಯಲ್ಲಿ ಅಭಯದಾನ ನಡೆಯಿತೆಂದೇ ತಿಳಿಯಬೇಕು. ಅಂತಹ ಮನೆಯಲ್ಲಿ ಮಗು ನಿಧಾನವಾಗಿ ಕಲಿಯಬಹುದು, ಸ್ವಲ್ಪವೇ ಕಲಿಯಬಹುದು. ಆದರೆ ತನ್ನ ಮಾತನ್ನು ಕೇಳುವವರಿದ್ದಾರೆಂಬುದನ್ನು ಅದು ಮೊದಲು ಕಲಿತಿರುತ್ತದೆ.